ತೋರಿಸೋಕೆ ಒಬ್ಬಳು

ಹಂಡೆಯಕ್ಕನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೆಡ್ ಕುಕ್ ಹೇಳಿಬಿಟ್ಟಿದ್ದ. "ಪಾತ್ರೆ ತೊಳಿ. ಅಡುಗೆಮನೆ ಒಳಗೆ ಮಾತ್ರ ಕಾಲಿಡಬೇಡ. ನಿಮ್ಮೋರ ಕೈ ತಾಗಿದೆ ಅಂತ ಗೊತ್ತಾದ್ರೆ ಗಿರಾಕಿಗಳು ತಟ್ಟೆ ಬಿಟ್ಟು ಏಳ್ತಾರೆ."

ಅವಳು ಕಾಲಿಡಲಿಲ್ಲ. ವರ್ಷಗಳು ಹೋದವು, ಕಾಲಿಡಲಿಲ್ಲ. ಹೋಟೆಲಿನ ಬೆನ್ನಿಗೆ, ಬಾಯ್ಲರ್ ಕೋಣೆಯ ಪಕ್ಕ, ತಗಡು ಹೊದಿಸಿದ ಒಂದು ಚಪ್ಪರ. ಎರಡು ಸಿಮೆಂಟು ತೊಟ್ಟಿ, ಒಂದು ನಲ್ಲಿ, ಒಂದು ಮೋರಿ. ಅಡುಗೆಮನೆಯ ಗೋಡೆಯಲ್ಲೊಂದು ಕಿಂಡಿ. ಎಂಜಲು ಪಾತ್ರೆ ಆ ಕಿಂಡಿಯಿಂದ ಹೊರಗೆ ಬರುತ್ತಿತ್ತು, ತೊಳೆದದ್ದು ಅದೇ ಕಿಂಡಿಯಿಂದ ಒಳಗೆ ಹೋಗುತ್ತಿತ್ತು. ನಡುವೆ ಅವಳ ಕೈ. ಆ ಕೈ ತಾಗಿದ ಪಾತ್ರೆಯಲ್ಲೇ ಅಡುಗೆ ಬೇಯುತ್ತಿತ್ತು, ಗಿರಾಕಿಗಳು ಬೆರಳು ಚೀಪಿಕೊಂಡು ತಿನ್ನುತ್ತಿದ್ದರು. ಕೈ ಕಾಣಬಾರದು, ಅಷ್ಟೇ.

ದೊಡ್ಡ ಹಂಡೆಗಳನ್ನು ಅಡ್ಡ ಮಲಗಿಸಿ, ಒಳಗೆ ತಲೆ ಹಾಕಿ, ಸೊಂಟದವರೆಗೆ ನುಗ್ಗಿ ಉಜ್ಜುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಹಂಡೆಗೇ ಎರಡು ಕಾಲು ಬಂದ ಹಾಗೆ ಕಾಣುತ್ತಿತ್ತು. ಯಾರೋ ನಕ್ಕು ಹಂಡೆಯಕ್ಕ ಅಂದರು. ಅದೇ ಅಂಟಿಕೊಂಡಿತು.

ಹೋಟೆಲಿಗೆ ಎರಡು ಕಟ್ಟಡ. ಹಳೆಯದರಲ್ಲಿ ಬಾರು, ಹೊಸದರಲ್ಲಿ ತಂಗುವ ಕೋಣೆಗಳು. ಅಡುಗೆಮನೆ ಎರಡಕ್ಕೂ ಬೇರೆ, ಪಾತ್ರೆ ತೊಳೆಯುವವಳು ಒಬ್ಬಳೇ. ಬಾರಿನ ಕಡೆಯಿಂದ ಹಂದಿ ಮಾಂಸ ಬೇಯಿಸಿದ ಹಂಡೆ ಬರುತ್ತಿತ್ತು. ತಣ್ಣಗಾದರೆ ಕೊಬ್ಬು ಬಿಳಿ ಮೇಣದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಕುದಿನೀರು ಹುಯ್ದು, ಸೋಡಾಪುಡಿ ಎರಚಿ, ಸ್ಟೀಲ್ ನಾರಿನಲ್ಲಿ ತಿಕ್ಕಬೇಕು. ತಿಕ್ಕಿದಷ್ಟೂ ಮೊಣಕೈವರೆಗೆ ಜಿಡ್ಡು. ಅದು ಅವಳು ಮುಟ್ಟಬಾರದ್ದು. ಆದರೆ ಹೊಟ್ಟೆ ಕೇಳಬೇಕಲ್ಲ. ಕೆಲಸ ಮುಗಿಸಿ ಕೋಣೆಗೆ ಹೋದವಳೇ ಕೈ ತೊಳೆಯುತ್ತಿದ್ದಳು. ಮತ್ತೆ ತೊಳೆಯುತ್ತಿದ್ದಳು. ಮೂಸಿ ನೋಡುತ್ತಿದ್ದಳು. ಆಮೇಲೆ ಮೇಲೆ ನೋಡಿ, "ನಿನಗೆ ಎಲ್ಲಾ ಗೊತ್ತು," ಅಂತ ಒಂದು ಮಾತು ಹೇಳಿ ನಮಾಜಿಗೆ ನಿಲ್ಲುತ್ತಿದ್ದಳು.

ಕೋಣೆಯೂ ಹೋಟೆಲಿನದೇ. ಬಾಯ್ಲರಿನ ಆಚೆ ಗೋಡೆಗೆ ಅಂಟಿಕೊಂಡ ಒಂದು ಗೂಡು. ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಅದರಲ್ಲಿ ಅವಳೂ ಅವಳ ಸೊಸೆಯೂ ಇದ್ದರು. ಮಗ ದೂರದ ಲಾರಿ ಓಡಿಸುವವನು, ಮನೆಗಿಂತ ಫೋನಿನಲ್ಲೇ ಹೆಚ್ಚು ಇರುವವನು. ಸೊಸೆ ಹೊಸ ಕಟ್ಟಡದಲ್ಲಿ ರೂಮು ಕ್ಲೀನು ಮಾಡುತ್ತಿದ್ದಳು. ಬಸುರಿ. ಹೊಟ್ಟೆ ಮುಂದೆ ಬಂದ ಮೇಲೂ ಬಗ್ಗಿ ಬಗ್ಗಿ ಮಂಚದ ಅಡಿ ಗುಡಿಸುತ್ತಿದ್ದಳು. ಕೆಲಸ ಇದ್ದರೆ ಕೋಣೆ. ಕೆಲಸ ಹೋದರೆ ಅವತ್ತೇ ಕೋಣೆ ಬಿಡಬೇಕು. ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಕೆಲಸದವರಿಗೆ ಊಟ ಬಾರಿನ ಅಡುಗೆಮನೆಯಿಂದ, ಅಲ್ಲಿ ಮಿಕ್ಕಿದ್ದು. ಅತ್ತೆ ಸೊಸೆ ಅದನ್ನು ಮುಟ್ಟುತ್ತಿರಲಿಲ್ಲ. ಬ್ರೆಡ್ಡು, ಹಸಿ ಈರುಳ್ಳಿ, ಪಾತ್ರೆ ತೊಳೆಯುವ ಕುದಿನೀರಿನಲ್ಲೇ ಬೇಯಿಸಿಕೊಂಡ ಮೊಟ್ಟೆ. ಇಷ್ಟರಲ್ಲೇ ಹೊಟ್ಟೆ ಹೊರೆಯುತ್ತಿದ್ದರು.

ಹೀಗಿರುವಾಗ ಮ್ಯಾನೇಜರಿಗೆ ಒಂದು ದಿನ ಜ್ಞಾನೋದಯವಾಯಿತು. ಹಲಾಲ್ ಹೋಟೆಲ್ ಹುಡುಕಿಕೊಂಡು ಬರುವ ಪ್ರವಾಸಿಗರು ಬಸ್ಸು ಬಸ್ಸು ತುಂಬಿಕೊಂಡು ಬರುತ್ತಾರಂತೆ. ಕೇಳಿದಷ್ಟು ಕೊಡುತ್ತಾರಂತೆ. ಕೆಲಸದವರನ್ನೆಲ್ಲ ಹೊಸ ಕಟ್ಟಡದ ಮೆಟ್ಟಿಲ ಕೆಳಗೆ ಸೇರಿಸಿ ಪಾಠ ಹೇಳಿದ.

"ಹಲಾಲ್ ಅಂದ್ರೆ ಬರೀ ಮಾಂಸ ಅಂದ್ಕೊಂಡಿದ್ದೀರಾ? ಅಲ್ಲ. ಸೋಪಿನಲ್ಲಿ ಪ್ರಾಣಿ ಕೊಬ್ಬು ಇರಬಾರದು. ಶಾಂಪೂ, ಟೂತ್‌ಪೇಸ್ಟ್, ಎಲ್ಲಾ ಸ್ಟಾಂಪ್ ಇರೋದೇ ಬೇಕು. ಮಕ್ಕಳಿಗೆ ಕೊಡೋ ಜೆಲ್ಲಿ ಹಂದಿ ಚರ್ಮದಿಂದ ಮಾಡಿದ್ದಿರಬಾರದು. ಕೇಕಿನ ಎಸೆನ್ಸಲ್ಲಿ ಆಲ್ಕೋಹಾಲ್ ಇರಬಾರದು. ರೂಮಿನ ಫ್ರಿಜ್ಜಿನಿಂದ ಬಾಟಲಿ ತೆಗೀರಿ. ಚಾವಣಿಗೆ ನಮಾಜಿನ ದಿಕ್ಕು ತೋರಿಸೋ ಬಾಣ ಅಂಟಿಸಿ. ಪ್ರತಿ ರೂಮಿಗೂ ನಮಾಜಿಗೆ ಒಂದು ಬಟ್ಟೆ ಚಾಪೆ. ಕಕ್ಕಸಿನಲ್ಲಿ ನೀರಿನ ಪೈಪು. ಗೊತ್ತಾಯ್ತಾ?"

ಸೊಸೆ ಹಿಂದೆ ನಿಂತಿದ್ದವಳು ಮೆಲ್ಲಗೆ ಕೇಳಿದಳು. "ಸರ್, ಹಾಗಾದ್ರೆ ನಮ್ಮ ಊಟಾನೂ ಹಲಾಲ್ ಆಗುತ್ತಾ?"

"ಸ್ಟಾಫ್ ಊಟ ಇದರಲ್ಲಿ ಬರಲ್ಲ," ಅಂದ ಮ್ಯಾನೇಜರ್.

ಅವತ್ತು ಕೋಣೆಯಲ್ಲಿ ಬ್ರೆಡ್ಡು ಮುರಿಯುತ್ತಾ ಹಂಡೆಯಕ್ಕ ನಕ್ಕಳು. "ಸೋಪು ಹಲಾಲ್ ಆಯ್ತು. ಶಾಂಪೂ ಹಲಾಲ್ ಆಯ್ತು. ಕಕ್ಕಸೂ ಹಲಾಲ್ ಆಯ್ತು. ನಮ್ಮ ಹೊಟ್ಟೆ ಒಂದು ಬಾಕಿ."

ಸೊಸೆ ನಗಲಿಲ್ಲ. ಅವಳು ದಿನವಿಡೀ ಏಣಿ ಹತ್ತಿ ಚಾವಣಿಗೆ ಬಾಣ ಅಂಟಿಸಿ ಬಂದಿದ್ದಳು. ಕತ್ತು ತಿರುಗುತ್ತಿರಲಿಲ್ಲ.

ಬಸ್ಸುಗಳು ಬರತೊಡಗಿದವು. ಸೊಸೆಗೆ ರೂಮುಗಳು ಹೆಚ್ಚಾದವು. ಕೆಳಗಿಳಿದು ಕೋಣೆಗೆ ಬಂದು ನಮಾಜು ಮಾಡಿ ಹೋಗುವಷ್ಟು ಪುರಸೊತ್ತು ಹೋಯಿತು. ಒಂದು ಮಧ್ಯಾಹ್ನ ಗಿರಾಕಿಗಳು ಬಿಟ್ಟುಹೋದ ಖಾಲಿ ರೂಮಿನಲ್ಲಿ, ತಾನೇ ಹಾಸಿದ ಚಾಪೆಯ ಮೇಲೆ, ತಾನೇ ಅಂಟಿಸಿದ ಬಾಣ ತೋರಿಸುವ ಕಡೆ ತಿರುಗಿ ನಿಂತಳು. ಬಾಗಿಲು ಒಂದಿಷ್ಟು ತೆರೆದಿತ್ತು. ಮ್ಯಾನೇಜರ್ ನೋಡಿದ. ಅವಳು ಮುಗಿಸುವವರೆಗೂ ಕಾಯಲಿಲ್ಲ. ತಲೆ ನೆಲಕ್ಕೆ ಇಟ್ಟಿದ್ದಾಗಲೇ ಚಾಪೆಯ ತುದಿ ಹಿಡಿದು ಎಳೆದ.

"ಇದು ಗಿರಾಕಿಗಳಿಗೆ! ನಿನ್ನ ಬೆವರಿನ ಮುಖ ಒರೆಸೋಕಲ್ಲ!"

ಸೊಸೆಯ ಹಣೆ ಟೈಲ್ಸಿಗೆ ಬಡಿಯಿತು. ಆ ಮಹಡಿಯ ಚಾಪೆಗಳನ್ನೆಲ್ಲ ಹಿತ್ತಲಿಗೆ ಹೊರಿಸಿ, ಅವಳ ಕೈಯಲ್ಲೇ ಒಗೆಸಿದ. ಹೊಟ್ಟೆ ಹೊತ್ತುಕೊಂಡು ಕುಕ್ಕರುಗಾಲಲ್ಲಿ ಕೂತು ಅವಳು ಒಗೆದಳು. ಹಂಡೆಯಕ್ಕ ತನ್ನ ತೊಟ್ಟಿ ಬಿಟ್ಟು ಎದ್ದು ಬಂದು, ನೆಂದ ಚಾಪೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು. ಕಿಂಡಿಯಿಂದ ಹೆಡ್ ಕುಕ್ ಕೂಗಿದ. "ಏ ಹಂಡೆ! ಪಾತ್ರೆ ರಾಶಿ ಬಿದ್ದಿದೆ, ಅಲ್ಲೇನು ಮಾಡ್ತಿದ್ದೀಯ?"

ಅದಾದ ಸ್ವಲ್ಪ ದಿನಕ್ಕೆ ಮ್ಯಾನೇಜರ್ ತಾನಾಗೇ ಚಪ್ಪರಕ್ಕೆ ಬಂದ. ಅವನು ಅಲ್ಲಿಗೆ ಬಂದದ್ದೇ ಮೊದಲು. ಮೂಗಿಗೆ ಕರ್ಚೀಫು ಹಿಡಿದಿದ್ದ.

"ಸರ್ಟಿಫಿಕೇಟ್ ಕೊಡೋರು ತಪಾಸಣೆಗೆ ಬರ್ತಾರೆ. ಹೊಸ ಕಟ್ಟಡದ ಅಡುಗೆಮನೆಯಲ್ಲಿ ನಿಮ್ಮೋರು ಒಬ್ಬರಾದ್ರೂ ಇರಲೇಬೇಕಂತೆ. ಮೇಲ್ವಿಚಾರಣೆಗೆ. ನೀನೇ ಇರು."

"ನಾನಾ? ಒಳಗೆ ಕಾಲಿಡಬಾರದು ಅಂದಿದ್ರಲ್ಲ ಸರ್?"

"ಈಗ ಇಡಬೇಕು."

ಬಿಳಿ ಕೋಟು ಕೊಟ್ಟರು. ತಲೆಗೆ ಬಿಳಿ ಬಟ್ಟೆ. ಹೆಡ್ ಕುಕ್ ಮುಖ ಆ ಕಡೆ ಮಾಡಿಕೊಂಡು ದಾರಿ ಬಿಟ್ಟ. ಒಳಗೆ ಹೋದವಳಿಗೆ ಮೊದಲು ಕಂಡದ್ದು ಪಾತ್ರೆಗಳು. ಒಂದೊಂದರ ಡೊಂಕು, ತಗ್ಗು, ತೂತಿಗೆ ಹಾಕಿದ ಬೆಸುಗೆ, ಎಲ್ಲಾ ಅವಳ ಬೆರಳಿಗೆ ಗೊತ್ತು. ಅವು ಉರಿಯ ಮೇಲೆ ಕೂತು ಹಬೆಯಾಡುವುದನ್ನು ಮಾತ್ರ ಅವಳು ಅವತ್ತಿನವರೆಗೆ ನೋಡಿರಲಿಲ್ಲ. ನೆರೆಮನೆಯ ಮಕ್ಕಳನ್ನು ಮೊದಲ ಸಲ ಶಾಲೆಯಲ್ಲಿ ನೋಡಿದ ಹಾಗಾಯಿತು. ಸುಳ್ಳೇಕೆ, ಅವಳಿಗೆ ಖುಷಿಯೇ ಆಯಿತು. ಬೆನ್ನು ನೆಟ್ಟಗೆ ಮಾಡಿ ನಿಂತಳು.

ತಪಾಸಣೆಯವರು ಬಂದಾಗ ಎಲ್ಲಾ ಸರಿಯಾಗೇ ಇತ್ತು. ಹಲಾಲ್ ಗುರುತಿಗೆ ಹಸಿರು ಪಟ್ಟಿ ಬಳಿದ ಹೊಸ ಪಾತ್ರೆಗಳು ಬಂದಿದ್ದವು. ಅವಕ್ಕೇ ಅಂತ ಒಳಗೊಂದು ಬೇರೆ ಸಿಂಕು. ಎಣ್ಣೆ ಹೊಸದು, ಮಾಂಸ ಸ್ಟಾಂಪ್ ಇದ್ದ ಅಂಗಡಿಯದು. ಅವರು ಡಬ್ಬಗಳನ್ನು ತಿರುಗಿಸಿ ತಿರುಗಿಸಿ ಓದಿದರು. ಒಬ್ಬ ಅವಳ ಕಡೆ ನೋಡಿ, "ಇವರು ಇಲ್ಲೇ ಇರ್ತಾರಾ?" ಅಂತ ಕೇಳಿದ. "ಯಾವಾಗಲೂ," ಅಂದ ಮ್ಯಾನೇಜರ್. ಅವಳೂ ತಲೆ ಆಡಿಸಿದಳು. ಅವತ್ತಿನ ಮಟ್ಟಿಗೆ ಅದು ಸುಳ್ಳಲ್ಲ.

ಸರ್ಟಿಫಿಕೇಟು ಊಟದ ಹಾಲಿನ ಗೋಡೆಗೇರಿತು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆಸಿ ದೊಡ್ಡ ಗಾಜು ಹಾಕಿಸಿದರು. ಊಟದ ಹೊತ್ತಿನಲ್ಲಿ ಹಂಡೆಯಕ್ಕ ಕೋಟು ಹಾಕಿಕೊಂಡು ಆ ಗಾಜಿನ ಹಿಂದೆ ನಿಲ್ಲಬೇಕು. ಅದು ಅವಳ ಮೇಲ್ವಿಚಾರಣೆ.

"ನಾನು ಏನು ಮಾಡಬೇಕು ಸರ್?"

"ಏನೂ ಮಾಡಬೇಡ. ಏನೂ ಮುಟ್ಟಬೇಡ. ಕಾಣೋ ಹಾಗೆ ನಿಂತಿರು."

ಊಟ ಮುಗಿದ ಮೇಲೆ ಕೋಟು ಮೊಳೆಗೆ ಸಿಕ್ಕಿಸಿ ಮತ್ತೆ ಚಪ್ಪರ, ಮತ್ತೆ ತೊಟ್ಟಿ. ಅವಳು ನಿಂತಿದ್ದಷ್ಟು ಹೊತ್ತೂ ಪಾತ್ರೆ ಅವಳಿಗಾಗಿ ಕಾಯುತ್ತಿದ್ದವು, ಒಂದರ ಮೇಲೊಂದು. ಕಾಲು ಊದಿಕೊಂಡವು. ಗಾಜಿನ ಆಚೆ ಗಿರಾಕಿಗಳು ಅವಳನ್ನು ನೋಡಿ ಸಮಾಧಾನದಿಂದ ಕೂರುತ್ತಿದ್ದರು. ಕೆಲವರು ಎದೆ ಮೇಲೆ ಕೈಯಿಟ್ಟು ಸಲಾಂ ಹೇಳುತ್ತಿದ್ದರು. ಗಾಜಿನಿಂದ ಮಾತು ಕೇಳುತ್ತಿರಲಿಲ್ಲ. ಅವಳು ತಲೆ ಬಾಗಿಸುತ್ತಿದ್ದಳು.

ಕೆಡುಕು ಶುರುವಾದದ್ದು ಬಾರಿನ ಕಡೆ ದೊಡ್ಡದೊಂದು ಪಾರ್ಟಿ ಇದ್ದ ದಿನ. ಅಲ್ಲಿ ಪಾತ್ರೆ ಸಾಲಲಿಲ್ಲ. ಹಸಿರು ಪಟ್ಟಿಯ ಹಂಡೆಗಳನ್ನು ಹೊತ್ತುಕೊಂಡು ಹೋದರು. ಮಾರನೇ ದಿನ ಅವು ಅವಳ ತೊಟ್ಟಿಗೆ ಬಂದವು. ತಳದಲ್ಲಿ ಬಿಳಿ ಮೇಣ. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಕಿಂಡಿಗೆ ಹೋಗಿ ಕುಕ್‌ನನ್ನು ಕರೆದಳು.

"ಅಣ್ಣಾ, ಇದು ಈ ಕಡೆ ಪಾತ್ರೆ. ಇದರಲ್ಲಿ ಹಂದಿ ಬೇಯಿಸಿದ್ದಾರೆ. ಇನ್ನು ಇದನ್ನ ಒಳಗೆ ತಗೋಬೇಡ."

"ತೊಳೆದ್ರೆ ಹೋಗುತ್ತೆ. ತೊಳೆಯೋಕೆ ನೀನಿಲ್ವಾ?"

ಒಂದು ಸಲ ದಾಟಿದ ಗೆರೆ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಪಾತ್ರೆ ಆ ಕಡೆ ಹೋಗಿ ಈ ಕಡೆ ಬರುವುದು ರೂಢಿಯಾಯಿತು. ಒಳಗಿನ ಬೇರೆ ಸಿಂಕಿನಲ್ಲಿ ಈರುಳ್ಳಿ ಮೂಟೆ ಇಟ್ಟರು. ಆಮೇಲೆ ಎಣ್ಣೆ. ಬಾರಿನಲ್ಲಿ ಹಂದಿ ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಡಬ್ಬಕ್ಕೆ ತುಂಬಿ ತಂದು, ಈ ಕಡೆಯ ಬಾಣಲೆಗೆ ಹುಯ್ದರು. ಕೋಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು ಅವಳು. ಅವಳ ಕಣ್ಣೆದುರೇ ಹುಯ್ದರು. ಬೆಕ್ಕೋ ನಾಯಿಯೋ ನೋಡುತ್ತಿದೆ ಅನ್ನುವಷ್ಟು ಸಲೀಸಾಗಿ.

ಮ್ಯಾನೇಜರ್ ಹತ್ತಿರ ಹೋದಳು.

"ಸರ್, ಅವರು ನನ್ನ ಮುಖ ನೋಡಿ ತಿಂತಿದ್ದಾರೆ."

"ತಿನ್ನಲಿ ಬಿಡು."

"ಅವರಿಗೆ ಇದು ಹರಾಮ್ ಸರ್. ನನಗೂ."

ಮ್ಯಾನೇಜರ್ ಪೆನ್ನು ಕೆಳಗಿಟ್ಟ. "ನೋಡು, ಎಣ್ಣೆಗೆ ಬಾಯಿಲ್ಲ. ಹಂಡೆಗೂ ಬಾಯಿಲ್ಲ. ನಿನಗೆ ಮಾತ್ರ ಯಾಕೆ? ನಿನ್ನ ಸೊಸೆಗೆ ಈಗ ಎಷ್ಟನೇ ತಿಂಗಳು?"

ಅವಳು ಚಪ್ಪರಕ್ಕೆ ತಿರುಗಿ ಬಂದಳು.

ಹಾಗೇ ದಿನ ಹೋದವು. ಗಾಜಿನ ಹಿಂದೆ ನಿಂತಳು. ಸಲಾಂ ಹೇಳಿದವರಿಗೆ ತಲೆ ಬಾಗಿಸಿದಳು. ಒಮ್ಮೊಮ್ಮೆ ಗಾಜನ್ನು ಬಡಿದು ಕೂಗಬೇಕು ಅನ್ನಿಸುತ್ತಿತ್ತು. ಕೂಗಿ? ಆಮೇಲೆ? ಸೊಸೆಯನ್ನು ಕರೆದುಕೊಂಡು ಎಲ್ಲಿಗೆ? ಮಗನಿಗೆ ಫೋನು ಮಾಡಿದರೆ, "ಅಮ್ಮಾ, ಹೆರಿಗೆ ಆಗೋವರೆಗೆ ತಡ್ಕೋ," ಅನ್ನುತ್ತಿದ್ದ. ಹಿಂದೆ ಲಾರಿಯ ಸದ್ದು. ಅವಳಿಗೆ ನಿದ್ದೆ ಹೋಯಿತು. ನಮಾಜಿಗೆ ನಿಂತರೆ, ಮೇಲೆ ನೋಡಿ ಹೇಳುತ್ತಿದ್ದ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಎಲ್ಲಾ ಗೊತ್ತಿರುವವನಿಗೆ ಇದೂ ಗೊತ್ತು ಅಂತ ಹೆದರಿಕೆಯಾಯಿತು.

ಆಗ ಬಂದದ್ದು ಆ ಮುದುಕಿ.

ಬಸ್ಸಿನ ತುಂಬ ಜನ, ಮಕ್ಕಳು ಮರಿ, ದೂರದ ಪ್ರಯಾಣದಿಂದ ಬಳಲಿ ಬಂದವರು. ಅವರಲ್ಲಿ ಇವಳೊಬ್ಬಳು. ಊಟಕ್ಕೆ ಎಲ್ಲರೂ ಕೈಹಾಕಿದರು. ಮುದುಕಿ ಹಾಕಲಿಲ್ಲ. ಕರಿದ ಕೋಳಿ ಅವಳ ಮುಂದೆ ಆರುತ್ತಿತ್ತು. ಅವರನ್ನು ಕರೆತಂದ ಟೂರಿನವನು ಬಂದು, "ಅಜ್ಜೀ, ಅಲ್ಲಿ ನೋಡಿ ಸರ್ಟಿಫಿಕೇಟ್," ಅಂದ.

"ನನಗೆ ಓದೋಕೆ ಬರಲ್ಲಪ್ಪ. ಆ ಗಾಜಿನ ಹಿಂದೆ ಒಬ್ಬಳು ನಿಂತಿದ್ದಾಳಲ್ಲ, ಅವಳನ್ನ ಕರಿ. ಅವಳನ್ನ ಕೇಳಿ ತಿಂತೀನಿ."

ಮ್ಯಾನೇಜರಿಗೆ ಹಬ್ಬವಾಯಿತು. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕೆ? ಒಳಗೆ ಬಂದು ಹಂಡೆಯಕ್ಕನ ತೋಳು ಹಿಡಿದು ಹೊರಡಿಸಿದ. ಬಾಗಿಲಿನ ಹತ್ತಿರ ತೋಳನ್ನು ಒಮ್ಮೆ ಅಮುಕಿದ. "ಹೌದು ಅನ್ನು. ವಾಪಸ್ ಬಾ. ಅಷ್ಟೇ."

ಮುದುಕಿ ಅವಳ ಕೈ ಹಿಡಿದುಕೊಂಡಳು. ಹಿಡಿದವಳೇ ಬೆಚ್ಚಿ, ಅಂಗೈ ತಿರುಗಿಸಿ ನೋಡಿದಳು. ಸೋಡಾಪುಡಿಗೆ ಚರ್ಮ ಸೀಳಿಹೋಗಿತ್ತು.

"ಇದೇನು ಮಗಳೇ, ಕೈ ಹೀಗಾಗಿದೆ!"

"ಪಾತ್ರೆ ತೊಳೀತೀನಿ ಅಮ್ಮಾ."

ಮ್ಯಾನೇಜರ್ ಕೆಮ್ಮಿದ. "ಇವರು ನಮ್ಮ ಮೇಲ್ವಿಚಾರಕರು."

ಮುದುಕಿ ಅವನ ಕಡೆ ನೋಡಲಿಲ್ಲ. "ಇಂಥ ಪ್ರಯಾಣದಲ್ಲಿ ಹಿಂದೆ ಒಂದು ಸಲ ಮೋಸ ಹೋದೆ. ತಿಂದ ಮೇಲೆ ಗೊತ್ತಾಯ್ತು. ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ತೊಳೆಸುತ್ತೆ. ಕಾಗದ ಬೇಡ ನನಗೆ. ನೀನು ಹೇಳು. ಇದನ್ನ ನೀನು ತಿಂತೀಯಾ?"

ಹಾಲಿನ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿ ಬಕೆಟ್ಟು. ಹೊಟ್ಟೆ ಬಕೆಟ್ಟಿಗಿಂತ ಮುಂದಿತ್ತು. ಹಂಡೆಯಕ್ಕ ಅವಳನ್ನು ನೋಡಿದಳು. ಹೌದು ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಉಸಿರು ಬಿಟ್ಟಿದ್ದರೆ ಉದುರುತ್ತಿತ್ತು. ಆದರೆ ಮುದುಕಿ ಇನ್ನೂ ಅವಳ ಕೈ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಆ ಸೀಳುಗಳನ್ನು ಸವರುತ್ತಿದ್ದಳು, ತನಗೇ ಗೊತ್ತಿಲ್ಲದ ಹಾಗೆ.

"ಇಲ್ಲ ಅಮ್ಮಾ," ಅಂದಳು ಹಂಡೆಯಕ್ಕ. "ನಾನು ತಿನ್ನಲ್ಲ."

ಮ್ಯಾನೇಜರ್ ನಕ್ಕ. "ಪಥ್ಯ, ಪಥ್ಯದಲ್ಲಿದ್ದಾಳೆ."

"ಪಥ್ಯ ಅಲ್ಲ. ಆ ಎಣ್ಣೆಯಲ್ಲಿ ಮೊದಲು ಹಂದಿ ಕರಿದಿದ್ದಾರೆ. ಸೋಸಿ ತಂದು ಹುಯ್ದಿದ್ದು ನಾನೇ ನೋಡಿದೆ. ನೀವೂ ತಿನ್ಬೇಡಿ."

ಪಕ್ಕದ ಮೇಜಿನಲ್ಲಿ ಒಬ್ಬ ಬಾಯಲ್ಲಿದ್ದದ್ದನ್ನು ಉಗಿದ. ಒಬ್ಬ ಹೆಂಗಸು ಮಗುವಿನ ಬಾಯಿಗೆ ಬೆರಳು ಹಾಕಿದಳು. ಗದ್ದಲವೋ ಗದ್ದಲ. ಟೂರಿನವನು ಮೇಜು ತಟ್ಟಿದ. "ಸರ್ಟಿಫಿಕೇಟ್ ಕೊಟ್ಟೋರು ದಡ್ಡರಾ? ಪಾತ್ರೆ ತೊಳೆಯೋಳ ಮಾತು ಕಟ್ಕೊಂಡು ಮಕ್ಕಳನ್ನ ಉಪವಾಸ ಕೆಡವ್ತೀರಾ?" ಕೆಲವರು ಎದ್ದುಹೋದರು. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅವರಲ್ಲಿ ಹಲವರು ಮತ್ತೆ ಕೈಹಾಕಿದರು. ಹಸಿದಿದ್ದರು. ಬೇರೆ ಹೋಟೆಲು ಹತ್ತಿರದಲ್ಲಿರಲಿಲ್ಲ.

ಅಡುಗೆಮನೆಯ ಬಾಗಿಲು ಮುಚ್ಚಿದ ಮೇಲೆ ಹೆಡ್ ಕುಕ್ ಅವಳ ಮೇಲೆ ಒದ್ದೆ ಬಟ್ಟೆ ಎಸೆದ. ಮುಖಕ್ಕೇ ಬಡಿಯಿತು. ಮ್ಯಾನೇಜರ್ ಮಾತ್ರ ಕೂಗಾಡಲಿಲ್ಲ. ಮೆಲ್ಲಗೆ ಮಾತಾಡಿದ. ಅದಕ್ಕೇ ಅವಳಿಗೆ ಭಯವಾಯಿತು.

"ಈಗಲೇ ನಿನ್ನನ್ನ ಓಡಿಸಿದ್ರೆ ನೀನು ಹೇಳಿದ್ದು ನಿಜ ಅಂತ ಆಗುತ್ತೆ. ಅದಕ್ಕೇ ಓಡಿಸಲ್ಲ. ಬೆಳಿಗ್ಗೆ ತಿಂಡಿಗೆ ಅವರೆಲ್ಲ ಕೂತಿರ್ತಾರೆ. ಬಂದು ಹೇಳ್ತೀಯ. ಕುಕ್ ಜೊತೆ ಜಗಳ ಆಡಿದ್ದೆ, ಸಿಟ್ಟಿಗೆ ಸುಳ್ಳು ಹೇಳಿದೆ ಅಂತ. ಹೇಳಿದ್ರೆ ಕೋಣೆ ಇರುತ್ತೆ, ಸೊಸೆ ಕೆಲಸಾನೂ ಇರುತ್ತೆ. ಇಲ್ಲಾಂದ್ರೆ ನಿನ್ನ ಟ್ರಂಕು ನಾನೇ ಬೀದಿಗೆ ಎಸೀತೀನಿ."

ಕೋಣೆಯಲ್ಲಿ ಸೊಸೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು. ಅತ್ತೆಯ ಮುಖ ನೋಡಲಿಲ್ಲ.

"ಹೇಳಿ ಅತ್ತೆ. ಅವರು ಹೇಳಿದ ಹಾಗೆ ಹೇಳಿಬಿಡಿ."

"ಸುಳ್ಳು ಹೇಳಿದೆ ಅಂತ ಸುಳ್ಳು ಹೇಳಬೇಕಾ?"

"ಹೂಂ, ಹೇಳಬೇಕು! ನಾನು ಆ ಚಾಪೆಗಳನ್ನ ಒಗೆಯಲಿಲ್ವಾ? ಹಣೆ ಬಡ್ಕೊಂಡು ಎದ್ದು ಒಗೆಯಲಿಲ್ವಾ? ನೀವು ಒಂದು ಮಾತು ನುಂಗೋಕೆ ಆಗಲ್ವಾ?" ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟಳು. "ಎಲ್ಲಿ ಹೆರಲಿ ಅತ್ತೆ ನಾನು? ಬಸ್ ಸ್ಟ್ಯಾಂಡಲ್ಲಾ? ನೀವು ನಿಮ್ಮ ಪಾಡಿಗೆ ಹೇಳಿಬಿಟ್ರಿ. ನನ್ನನ್ನ ಕೇಳಿದ್ರಾ?"

ಹಂಡೆಯಕ್ಕ ಹತ್ತಿರ ಕೂತಳು. ಕೇಳಿರಲಿಲ್ಲ, ನಿಜ. ಸೊಸೆಯ ಊದಿದ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಸೊಸೆ ಕಾಲು ಎಳೆದುಕೊಂಡಳು. ಇವಳು ಮತ್ತೆ ತೆಗೆದುಕೊಂಡಳು.

"ಆಯ್ತು," ಅಂದಳು. "ಹೇಳ್ತೀನಿ."

ಹೇಳಲೆಂದೇ ಬೆಳಿಗ್ಗೆ ಹೋದಳು. ಕೋಟು ಹಾಕಿಕೊಂಡು, ಗುಂಡಿ ಹಾಕಿಕೊಂಡು ಹೋದಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಿದ್ದಳು. ಕುಕ್ ಜೊತೆ ಜಗಳ. ಸಿಟ್ಟು. ಸುಳ್ಳು. ಮ್ಯಾನೇಜರ್ ಸೊಸೆಯನ್ನೂ ಕರೆಸಿ ಬಾಗಿಲಲ್ಲಿ ನಿಲ್ಲಿಸಿದ್ದ, ಹಂಡೆಯಕ್ಕನಿಗೆ ಕಾಣುವ ಹಾಗೆ. ಜನ ತಿಂಡಿಗೆ ಕೂತಿದ್ದರು. ಮುದುಕಿ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳೇ. ಹೋಟೆಲಿನ ತಟ್ಟೆ ದೂರ ಸರಿಸಿ, ತನ್ನ ಚೀಲದಿಂದ ಬ್ರೆಡ್ಡು, ಬಾಳೆಹಣ್ಣು ತೆಗೆದು ಕರವಸ್ತ್ರದ ಮೇಲಿಟ್ಟುಕೊಂಡಿದ್ದಳು.

"ಎಲ್ಲರೂ ಒಂದು ನಿಮಿಷ," ಅಂದ ಮ್ಯಾನೇಜರ್. "ಇವಳು ನಿಮಗೆ ಒಂದು ಮಾತು ಹೇಳಬೇಕಂತೆ. ಹೇಳಮ್ಮ."

ಅವಳು ಬಾಯಿ ತೆರೆದಳು.

"ನಿನ್ನೆ... ನಾನು..."

ಮುದುಕಿ ಅವಳನ್ನು ನೋಡಿದಳು. ಬಾಗಿಲಲ್ಲಿ ನಿಂತ ಬಸುರಿಯನ್ನು ನೋಡಿದಳು. ಪಕ್ಕದಲ್ಲಿ ಕೈಕಟ್ಟಿ ನಿಂತ ಮ್ಯಾನೇಜರನ್ನು ನೋಡಿದಳು. ಅವಳಿಗೆ ಓದಲು ಬಾರದಿದ್ದರೂ ಇಷ್ಟು ಅರ್ಥವಾಯಿತು.

"ಮಗಳೇ," ಅಂದಳು, "ತಿಂಡಿ ತಿಂದ್ಯಾ?"

ಹಂಡೆಯಕ್ಕ ತಬ್ಬಿಬ್ಬಾದಳು. "ಇಲ್ಲ ಅಮ್ಮಾ."

"ಬಾ. ಕೂತ್ಕೋ. ಮೊದಲು ತಿನ್ನು. ಮಾತು ಆಮೇಲೆ."

ಮುದುಕಿ ಪಕ್ಕದ ಕುರ್ಚಿ ಎಳೆದಳು. ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದಿತು.

"ಸ್ಟಾಫ್ ಇಲ್ಲಿ ಕೂರುವಂತಿಲ್ಲ," ಅಂದ ಮ್ಯಾನೇಜರ್.

ಅಲ್ಲಿಯವರೆಗೂ ಹಂಡೆಯಕ್ಕ ಹೇಳುವವಳೇ ಇದ್ದಳು. ಮಾತು ಸಿದ್ಧವಾಗಿತ್ತು. ಆದರೆ ಕೂರುವಂತಿಲ್ಲ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಅವಳ ಕಾಲುಗಳಲ್ಲಿ ಏನೋ ಆಯಿತು. ತೊಟ್ಟಿಯ ಮುಂದೆ ನಿಂತ ಕಾಲುಗಳು. ಗಾಜಿನ ಹಿಂದೆ ನಿಂತ ಕಾಲುಗಳು. ಅವು ಇನ್ನು ನಿಲ್ಲುವುದಿಲ್ಲ ಅಂದವು. ಕೋಟಿನ ಗುಂಡಿ ಬಿಚ್ಚಿದಳು. ಕೋಟು ತೆಗೆದು ಮ್ಯಾನೇಜರ್ ಕೈಗೆ ಕೊಟ್ಟಳು. ಅವನು ಯಾಕೋ ಹಿಡಿದುಕೊಂಡ. ಅವಳು ಹೋಗಿ ಕೂತಳು.

"ಏಳು."

ಏಳಲಿಲ್ಲ.

"ಏಳು ಅಂದೆ! ಹೇಳಬೇಕಾದ್ದು ಹೇಳು!"

"ನಿನ್ನೆ ಹೇಳಿದ್ದೇ," ಅಂದಳು. "ಎಣ್ಣೆ ಆ ಕಡೆದೇ. ಹಂಡೇನೂ ಆ ಕಡೆದೇ. ಪಾತ್ರೆ ತೊಳೆಯೋಕೆ ಬೇಕಾದ್ರೆ ಕರೀರಿ, ತೊಳೀತೀನಿ. ತೋರಿಸೋಕೆ ಕರೀಬೇಡಿ. ಇನ್ನು ನಿಲ್ಲಲ್ಲ ನಾನು."

ಮ್ಯಾನೇಜರ್ ಗೇಟಿನ ಕಡೆ ತಿರುಗಿ ಗಾರ್ಡುಗಳನ್ನು ಕೂಗಿದ. ಜನ ತಟ್ಟೆ ನೋಡುತ್ತಾ ಕೂತಿದ್ದರು. ಯಾರೂ ಎದ್ದು ಅವನನ್ನು ತಡೆಯಲಿಲ್ಲ. ಯಾರೂ ಅವಳ ಪರವಾಗಿ ಒಂದು ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಸೊಸೆಯ ಟ್ರಂಕು ಬೀದಿಯಲ್ಲಿತ್ತು. ಸಂಜೆಯೊಳಗೆ ಆ ಕೋಟಿಗೆ ಬೇರೆ ಯಾರನ್ನೋ ಹುಡುಕಲು ಆಳು ಹೋದ. ಅದೆಲ್ಲ ಆಮೇಲಿನ ಮಾತು.

ಆ ಹೊತ್ತಿನಲ್ಲಿ ಹಂಡೆಯಕ್ಕ ಬಾಗಿಲ ಕಡೆ ನೋಡಿದಳು. ಸೊಸೆಯ ಮುಖ ಬಿಳಿಚಿಕೊಂಡಿತ್ತು. ಕಣ್ಣಲ್ಲಿ ಸಿಟ್ಟು ತುಂಬಿ ತುಳುಕುತ್ತಿತ್ತು. ಅತ್ತೆಯ ಮೇಲೋ, ಮ್ಯಾನೇಜರ್ ಮೇಲೋ, ಹೇಳುವುದು ಕಷ್ಟ. ಕರೆಯಲು ಹಂಡೆಯಕ್ಕನಿಗೆ ಧೈರ್ಯ ಬರಲಿಲ್ಲ. ಮುದುಕಿಯೇ ಇನ್ನೊಂದು ಕುರ್ಚಿ ಎಳೆದಳು.

ಸೊಸೆ ಬಕೆಟ್ಟು ಕೆಳಗಿಟ್ಟಳು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೇಜುಗಳ ನಡುವೆ, ಎಲ್ಲರೂ ನೋಡುತ್ತಿದ್ದ ಹಾಗೇ ನಡೆದು ಬಂದಳು. ಮ್ಯಾನೇಜರನ್ನು ಬಳಸಿ ಬಂದಳು, ದಾರಿಯಲ್ಲಿಟ್ಟ ಸಾಮಾನನ್ನು ಬಳಸುವ ಹಾಗೆ. ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟಳು.

"ಇನ್ನೆಲ್ಲಿಗೆ ಅತ್ತೆ?" ಅಂದಳು, ಅವಳಿಗಷ್ಟೇ ಕೇಳುವ ಹಾಗೆ.

"ಗೊತ್ತಿಲ್ಲ ಕಣೇ."

ಮುದುಕಿ ಬ್ರೆಡ್ಡು ಮುರಿದು ಇಬ್ಬರ ಮುಂದೂ ಇಟ್ಟಳು. ಹೊರಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಸೊಸೆ ಹಸಿದಿದ್ದಳು. ಅವಸರದಲ್ಲಿ ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡಳು.

ಹಂಡೆಯಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಗಂಟಲಿಗೆ ಸಿಕ್ಕೀತು," ಅಂದಳು. "ನಿಧಾನವಾಗಿ ತಿನ್ನು. ಬರೋರು ಬರಲಿ."